ರಾತ್ರಿ 11:30ಕ್ಕೆ ಕಾಲ್ ಮುಗಿದರೂ 2ರವರೆಗೆ ನಿದ್ದೆ ಇಲ್ಲ: ಎಲ್ಲಿಂದ ಶುರು ಮಾಡಬೇಕು?

ಇರುಳುಪಾಳಿ:
ಬೆಂಗಳೂರಿನ ಸಾಫ್ಟ್‌ವೇರ್ ತಂಡ. ಕ್ಯಾಲಿಫೋರ್ನಿಯಾದವರ ಬೆಳಗಿನ 9ರ ಮೀಟಿಂಗ್ ಬೇಸಿಗೆಯಲ್ಲಿ ಇಲ್ಲಿಗೆ ರಾತ್ರಿ 9:30, ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕಿಟ್ಟ ಮೇಲೆ 10:30. 11:30ಕ್ಕೆ ಮುಗಿಯುತ್ತೆ, 12ಕ್ಕೆ ಹಾಸಿಗೆ. ಆಮೇಲೆ ರಿಲೀಸ್, ಬಾಕಿ ಟಿಕೆಟ್, ನಾಳೆ ಮ್ಯಾನೇಜರ್‌ಗೆ ಏನು ಹೇಳೋದು ಅನ್ನೋದೇ ತಲೇಲಿ. 2ಕ್ಕೆ ಕಣ್ಣು ಮುಚ್ಚುತ್ತೆ, 8ಕ್ಕೆ ಏಳೋದು. ಶನಿವಾರ, ಭಾನುವಾರ 11ರವರೆಗೆ ಮಲಗೋದು. ಭಾನುವಾರ ರಾತ್ರಿಯಂತೂ ಜಾಗರಣೆ. ಯಾವುದನ್ನ ಮೊದಲು ಬದಲಾಯಿಸಬೇಕು, ಎಷ್ಟು ದಿನ ನೋಡಬೇಕು? ಮೆಲಟೋನಿನ್ ಮಾತ್ರೆ ತಗೊಂಡ್ರೆ ಸಾಕಾ?

ಹೊಂಗೆನೆರಳು:
ಭಾನುವಾರದ ಲೆಕ್ಕ ಮೊದಲು ನೋಡಿ. ವಾರದ ದಿನ 8ಕ್ಕೆ ಎದ್ದು 12ಕ್ಕೆ ಮಲಗುವಾಗ 16 ಗಂಟೆ ಎಚ್ಚರ ಇದ್ದಿರ್ತೀರಿ. ಎಚ್ಚರ ಇದ್ದಷ್ಟೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಏರುತ್ತೆ. ಭಾನುವಾರ 11ಕ್ಕೆ ಎದ್ದರೆ 12ರ ಹೊತ್ತಿಗೆ ಬರೀ 13 ಗಂಟೆ. ಒತ್ತಡ ಕಡಿಮೆ, ಸೋಮವಾರದ ಚಿಂತೆ ಜಾಸ್ತಿ. ಹಾಗಾಗಿ ಮೊದಲ ಕೆಲಸ: ಏಳೂ ದಿನ 8ಕ್ಕೇ ಏಳೋದು, ರಾತ್ರಿ ಎಷ್ಟೇ ಕೆಟ್ಟಿರಲಿ. ಎದ್ದ ಮೇಲೆ ಅರ್ಧ ಗಂಟೆ ಬಾಲ್ಕನಿಯಲ್ಲೋ ರಸ್ತೆಯಲ್ಲೋ ಬೆಳಕಿಗೆ ಬನ್ನಿ, ದೇಹದ ಗಡಿಯಾರ ಕೂರೋದು ಅದರಿಂದ.

ಎರಡನೆಯದು ಹಾಸಿಗೆ. ಕಾಲ್‌ನಲ್ಲಿ ವಾದ ಮಾಡಿ ಬಂದವರ ಎದೆಬಡಿತ ಅರ್ಧ ಗಂಟೆಯಲ್ಲೇ ಇಳಿಯುತ್ತೆ ಅಂತೇನಿಲ್ಲ. ಆ ಸ್ಥಿತಿಯಲ್ಲಿ ದಿನಾ ಎರಡು ಗಂಟೆ ಹೊರಳಾಡಿದರೆ ಹಾಸಿಗೆ ಅಂದ್ರೆ ಯೋಚನೆ ಮಾಡೋ ಜಾಗ ಅಂತ ಮೆದುಳು ಕಲಿತುಬಿಡುತ್ತೆ. ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಮೊದಲ ಸಾಲಿನಲ್ಲಿದೆ. ರೆಪ್ಪೆ ಭಾರ ಆದಾಗ ಮಾತ್ರ ಮಲಗಿ. ಸುಮಾರು 20 ನಿಮಿಷ ಆಯ್ತು ಅನಿಸಿದರೆ ಎದ್ದು ಹಾಲ್‌ಗೆ ಹೋಗಿ, ಸಣ್ಣ ದೀಪದಲ್ಲಿ ಏನಾದ್ರೂ ಸಪ್ಪೆ ಕೆಲಸ ಮಾಡಿ: ಬಟ್ಟೆ ಮಡಚೋದು, ಹಳೇ ಪತ್ರಿಕೆ ಓದೋದು. ತೂಕಡಿಕೆ ಬಂದಾಗ ವಾಪಸ್. ಸುಸ್ತು ಬೇರೆ, ತೂಕಡಿಕೆ ಬೇರೆ. ಸುಸ್ತಾಗಿದೆ ಅಂತ ಬೇಗ ಮಲಗೋದೇ ಇಲ್ಲಿ ಎಲ್ಲರೂ ಮಾಡೋ ಎಡವಟ್ಟು. 20 ನಿಮಿಷ ಅಂದಾಜು ಸಾಕು, ಗಡಿಯಾರವನ್ನ ಗೋಡೆ ಕಡೆ ತಿರುಗಿಸಿಡಿ.

ಬಿಳಿಹಾಳೆ:
ಮೇಲಿನದ್ದು ಸರಿ, ಆದ್ರೆ ತಲೇಲಿರೋದನ್ನ ಇಳಿಸೋಕೂ ದಾರಿ ಬೇಕಲ್ವಾ. ಕಾಲ್ ಮುಗಿದ ತಕ್ಷಣ, ಲ್ಯಾಪ್‌ಟಾಪ್ ಮುಚ್ಚೋ ಮೊದಲು, 5 ನಿಮಿಷ ನಾಳೆಯ ಕೆಲಸ ಕಾಗದದಲ್ಲಿ ಬರೀರಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರ ಮೇಲೆ ಇದನ್ನ ಪರೀಕ್ಷಿಸಿದ್ರು. ಮುಂದಿನ ಕೆಲಸ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದ್ರು. ಚಿಕ್ಕ ಅಧ್ಯಯನ, ಪವಾಡ ಏನಲ್ಲ, ಆದ್ರೆ ಖರ್ಚಿಲ್ಲ. ವಿವರವಾಗಿ ಬರೆದಷ್ಟೂ ಉಪಯೋಗ. 'ಪೇಮೆಂಟ್ ಬಗ್' ಅಂತ ಬರೆದರೆ ಚಿಂತೆ ಹಾಗೇ ಉಳಿಯುತ್ತೆ. 'ಬೆಳಿಗ್ಗೆ 10:30, ಪೇಮೆಂಟ್ ಲಾಗ್‌ನಲ್ಲಿ ಟೈಮ್‌ಔಟ್ ಎಲ್ಲಿ ಅಂತ ಹುಡುಕೋದು, ಸಿಗದಿದ್ರೆ 11ಕ್ಕೆ ಡೇಟಾಬೇಸ್ ತಂಡಕ್ಕೆ ಮೆಸೇಜ್' ಅಂತ ಬರೀರಿ.

ಇನ್ನು ಕಾಫಿ. ಕೆಫೀನ್ ಅರ್ಧಕ್ಕಿಳಿಯೋಕೆ ಸುಮಾರು 5 ಗಂಟೆ ಬೇಕು. ಕಾಲ್‌ಗೆ ಮೊದಲು 9ಕ್ಕೆ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ 2 ಗಂಟೆಗೂ ಮೈಯಲ್ಲಿರುತ್ತೆ. ಅದು ಅಡೆನೊಸಿನ್ ಕೂರೋ ಜಾಗವನ್ನೇ ಮುಚ್ಚಿಬಿಡುತ್ತೆ. ಸಂಜೆ 4ರ ನಂತರ ಕಾಫಿ, ಟೀ ಎರಡೂ ಬೇಡ.

ಇರುಳುಪಾಳಿ:
ಏಳೋ ಹೊತ್ತು ಗಟ್ಟಿ ಮಾಡಿಯೂ ನಿದ್ದೆ 2ಕ್ಕೇ ಬಂದ್ರೆ?

ಹೊಂಗೆನೆರಳು:
ಎರಡು ವಾರ ನಿದ್ದೆ ಡೈರಿ ಬರೀರಿ: ಮಲಗಿದ್ದು, ನಿದ್ದೆ ಬಂದಿದ್ದು, ಮಧ್ಯೆ ಎಚ್ಚರ, ಎದ್ದಿದ್ದು. ಹಾಸಿಗೆಯಲ್ಲಿ 8 ಗಂಟೆ, ನಿಜವಾದ ನಿದ್ದೆ ಐದೂವರೆ ಅಂದ್ರೆ ಹಾಸಿಗೆಯ ಸಮಯದ 69% ಮಾತ್ರ ನಿದ್ದೆ. ಆಗ ಹಾಸಿಗೆಯ ಸಮಯವನ್ನೇ ಐದೂವರೆಗೆ ಇಳಿಸೋದು: ಮಲಗೋದು 2:30, ಏಳೋದು 8. ವಾರದ ಸರಾಸರಿ 85% ದಾಟಿದರೆ 15 ನಿಮಿಷ ಮೊದಲು ಮಲಗಬಹುದು, 80%ಗಿಂತ ಕೆಳಗಿದ್ರೆ 15 ನಿಮಿಷ ತಡ. 5 ಗಂಟೆಗಿಂತ ಕೆಳಗೆ ಇಳಿಸಬಾರದು. ಮೊದಲೆರಡು ವಾರ ಹಗಲು ತೂಕಡಿಕೆ ಬರುತ್ತೆ, ಬೈಕ್, ಕಾರು ಓಡಿಸಬೇಡಿ. ಬಹಳ ಜನ ಬಿಟ್ಟುಬಿಡೋದು ಇಲ್ಲೇ, ಮಧ್ಯಾಹ್ನ ಮಲಗಿ ಲೆಕ್ಕ ಕೆಡಿಸ್ಕೊಳ್ತಾರೆ. ಫಿಟ್ಸ್ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯೋ ಕಾಯಿಲೆ) ಇರೋರು ಡಾಕ್ಟರನ್ನ ಕೇಳದೆ ಇದನ್ನ ಮಾಡಲೇಬಾರದು.

ಮಾತ್ರೆಪೆಟ್ಟಿಗೆ:
ಮೆಲಟೋನಿನ್ ಬಗ್ಗೆ: ಅದು ಗಡಿಯಾರ ಸರಿಸೋ ಸಂಕೇತ, ಮಂಪರು ಮಾತ್ರೆ ಅಲ್ಲ. ಚಿಂತೆಯಿಂದ ಕೆಟ್ಟ ನಿದ್ದೆಗೆ ಅದರ ಸಹಾಯ ಅಲ್ಪ. ಮನೇಲಿ ಯಾರದ್ದೋ ಆಲ್‌ಪ್ರಜೋಲಾಮ್ (ಆತಂಕ ಇಳಿಸೋ, ಮಂಪರು ತರೋ ಮಾತ್ರೆ) ಇದೆ ಅಂತ ನುಂಗಬೇಡಿ. ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಅಭ್ಯಾಸವಾದ ಮೇಲೆ ದಿಢೀರ್ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತೆ. ಒಂದು ಪೆಗ್ ಹಾಕಿದ್ರೆ ಬೇಗ ನಿದ್ದೆ ಬರೋದು ನಿಜ, ಮೈಯಲ್ಲಿ ಕರಗ್ತಿದ್ದಂತೆ ನಡುರಾತ್ರಿ ಎಬ್ಬಿಸುತ್ತೆ.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ಎಳೆದಿದ್ರೆ ವೈದ್ಯರನ್ನ ನೋಡಿ, ಸಿಬಿಟಿ-ಐ (ನಿದ್ದೆಗೆಡಿಸೋ ಯೋಚನೆ, ಅಭ್ಯಾಸ ಬದಲಿಸೋ ಚಿಕಿತ್ಸೆ) ಗೊತ್ತಿರೋ ಮನಶ್ಶಾಸ್ತ್ರಜ್ಞರು ಸಿಕ್ಕರೆ ಇನ್ನೂ ಒಳ್ಳೇದು. ಜೋರು ಗೊರಕೆ, ನಡುವೆ ಉಸಿರು ನಿಲ್ಲೋದು ಇದ್ರೆ ಕೆಲಸದ ಒತ್ತಡದ ಲೆಕ್ಕಕ್ಕೆ ಹಾಕದೆ ಅದರ ಪರೀಕ್ಷೆ ಮೊದಲು. ಮನಸ್ಸು ತೀರಾ ಕುಗ್ಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಬಿಳಿಹಾಳೆ:
ತಂಡದ ಮಟ್ಟದಲ್ಲಿ ಎರಡು ಕೇಳಿ ನೋಡಿ. ಜಗಳದ ವಿಷಯ ಮೊದಲ 20 ನಿಮಿಷದಲ್ಲೇ ಮುಗೀಲಿ, ಕೊನೆಗೆ ಬರೀ ಸ್ಟೇಟಸ್. ರಾತ್ರಿ ಬರೆದ ಮೇಲ್‌ಗಳು ಬೆಳಿಗ್ಗೆ 9:30ಕ್ಕೆ ಹೋಗೋ ಹಾಗೆ ಶೆಡ್ಯೂಲ್ ಆಗಲಿ. ಅಮೆರಿಕದ ಗಡಿಯಾರ ಬದಲಾಗೋದು ನವೆಂಬರ್‌ನ ಮೊದಲ ಭಾನುವಾರ. ಬೇಸಿಗೇಲಿ 7ಕ್ಕೆ ಏಳೋರು ಅದಕ್ಕೆ 8 ದಿನ ಮುಂಚಿಂದ ಎರಡು ದಿನಕ್ಕೊಮ್ಮೆ ಮಲಗೋದು, ಏಳೋದು 15 ನಿಮಿಷ ತಡ ಮಾಡ್ತಾ 8ಕ್ಕೆ ತರಲಿ, ಊಟವೂ ಜೊತೆಗೇ ಸರೀಲಿ.