ಬೆಳಕಿನ ವೇಗ, ಶಬ್ದದ ವೇಗ: ಭೌತಶಾಸ್ತ್ರದ ಮೇಷ್ಟ್ರಿಗೆ ಗುಂಪಿನ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಎಂಟನೇ ಕ್ಲಾಸು ಓದುವ ಮಗಳು ಬೆಳಕು ಶಬ್ದಕ್ಕಿಂತ ಎಷ್ಟು ಪಟ್ಟು ವೇಗವಾಗಿ ಹೋಗುತ್ತೆ ಅಂತ ಕೇಳಿದಳು. ಹುಡುಕಿದರೆ ಒಂದು ಕಡೆ ಒಂಬತ್ತು ಲಕ್ಷ ಪಟ್ಟು ಅಂತಿದೆ, ಇನ್ನೊಂದು ಕಡೆ ಎಂಟು ಲಕ್ಷದ ಎಪ್ಪತ್ತು ಸಾವಿರ ಚಿಲ್ಲರೆ, ಮತ್ತೊಂದು ಕಡೆ ಸುಮ್ಮನೆ ಹತ್ತು ಲಕ್ಷ. ಯಾವುದನ್ನು ನಂಬಲಿ?

ಉತ್ತರ: ಹತ್ತು ಲಕ್ಷ ಅನ್ನುವುದು ನೆನಪಿಟ್ಟುಕೊಳ್ಳಲು ದುಂಡಗೆ ಮಾಡಿದ ಸಂಖ್ಯೆ. ಉಳಿದ ಎರಡೂ ಸರಿಯೇ. ಬೆಳಕಿನ ವೇಗದ ಬಗ್ಗೆ ತಕರಾರೇ ಇಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ 29,97,92,458 ಮೀಟರ್, ಒಂದು ಮೀಟರ್ ಆಚೆಯೂ ಇಲ್ಲ, ಈಚೆಯೂ ಇಲ್ಲ. 1983ರಿಂದ ಮೀಟರ್ ಎಂಬ ಅಳತೆಯನ್ನೇ ಈ ವೇಗದ ಮೇಲೆ ನಿರ್ಧರಿಸಿದ್ದಾರೆ. ಬದಲಾಗುವುದು ಶಬ್ದದ ಕಡೆಯ ಲೆಕ್ಕ. 0 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 331 ಮೀಟರ್. ಭಾಗಿಸಿದರೆ ಒಂಬತ್ತು ಲಕ್ಷ ಪಟ್ಟು ದಾಟುತ್ತೆ. 20 ಡಿಗ್ರಿಯಲ್ಲಿ 343 ಮೀಟರ್, ಆಗ 8,74,000 ಪಟ್ಟು. 40 ಡಿಗ್ರಿ ಸೆಕೆಯಲ್ಲಿ ಸುಮಾರು 355 ಮೀಟರ್, ಅಂತರ 8,45,000 ಪಟ್ಟಿಗೆ ಇಳಿಯುತ್ತೆ. ಮಗಳು ಉತ್ತರ ಬರೆಯುವಾಗ ಪಕ್ಕದಲ್ಲಿ ಉಷ್ಣಾಂಶವನ್ನೂ ಬರೆಯಲಿ.

ಅಂತರ ಎಷ್ಟು ದೊಡ್ಡದು ಅಂತ ಅವಳಿಗೆ ತೋರಿಸಬೇಕಾದರೆ ಹೀಗೆ ಹೇಳಿ: ಶಬ್ದ ಒಂದು ಮೀಟರ್ ಮುಂದೆ ಹೋಗುವಷ್ಟರಲ್ಲಿ ಬೆಳಕು 874 ಕಿಲೋಮೀಟರ್ ದಾಟಿರುತ್ತೆ.

ಪ್ರಶ್ನೆ: ಬಿಸಿ ಹೆಚ್ಚಾದರೆ ಶಬ್ದ ಯಾಕೆ ಚುರುಕಾಗುತ್ತೆ? ಬೆಳಕಿಗೆ ಆ ತಾಪತ್ರಯ ಯಾಕಿಲ್ಲ?

ಉತ್ತರ: ನನ್ನ ಮಟ್ಟಿಗೆ ಎಷ್ಟು ಪಟ್ಟು ಅನ್ನುವುದಕ್ಕಿಂತ ಇದೇ ದೊಡ್ಡ ಪ್ರಶ್ನೆ. ಎರಡನ್ನೂ ಒಂದೇ ಓಟದ ಇಬ್ಬರು ಓಟಗಾರರು ಅಂತ ಪಾಠ ಮಾಡುವುದರಿಂದ ಮುಖ್ಯ ವಿಷಯವೇ ಮರೆಯಾಗುತ್ತೆ. ಶಬ್ದ ಅನ್ನುವುದು ಪ್ರತ್ಯೇಕವಾದ ವಸ್ತುವಲ್ಲ, ಗಾಳಿಯೊಳಗಿನ ನೂಕಾಟ. ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಅಣು ಪಕ್ಕದ್ದನ್ನು ನೂಕುತ್ತೆ, ಅದು ಮುಂದಿನದನ್ನು. ನಿಂತವರು ನಿಂತಲ್ಲೇ ಇರುತ್ತಾರೆ, ಕೊಡ ಮಾತ್ರ ಸಾಗುತ್ತೆ. ಕೋಣೆಯ ಉಷ್ಣಾಂಶದಲ್ಲಿ ಗಾಳಿಯ ಅಣುಗಳು ದಿಕ್ಕಾಪಾಲಾಗಿ ಸೆಕೆಂಡಿಗೆ ಸರಿಸುಮಾರು 500 ಮೀಟರ್ ವೇಗದಲ್ಲಿ ಓಡಾಡುತ್ತಿರುತ್ತವೆ. ಸುದ್ದಿ ಮುಟ್ಟಿಸುವವರೇ ಆ ವೇಗದಲ್ಲಿರುವಾಗ ಸುದ್ದಿ ಅದನ್ನು ಮೀರಿ ಹೋಗುವುದು ಹೇಗೆ? 343 ಎಂಬ ಸಂಖ್ಯೆ ಹುಟ್ಟುವುದು ಅಲ್ಲಿಂದ. ಬಿಸಿ ಏರಿದರೆ ಅಣುಗಳ ಓಡಾಟ ಜೋರಾಗುತ್ತೆ, ನೂಕು ಬೇಗ ದಾಟುತ್ತೆ. ಡಿಗ್ರಿಗೆ ಸುಮಾರು 0.6 ಮೀಟರ್‌ನಂತೆ ವೇಗ ಏರುತ್ತೆ. ಹೀಲಿಯಂ ಅಣುಗಳು ಹಗುರ, ಅದೇ ಬಿಸಿಯಲ್ಲಿ ಇನ್ನೂ ಚುರುಕು, ಹಾಗಾಗಿ ಅದರಲ್ಲಿ ಶಬ್ದ ಸೆಕೆಂಡಿಗೆ ಒಂದು ಕಿಲೋಮೀಟರ್ ಹತ್ತಿರ ಹೋಗುತ್ತೆ.

ಇಲ್ಲಿ ನ್ಯೂಟನ್ ವಿಚಾರ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1687ರಲ್ಲಿ ಅವರು ಗಾಳಿಯ ಒತ್ತಡ ಮತ್ತು ಸಾಂದ್ರತೆ ಎರಡನ್ನೇ ಇಟ್ಟುಕೊಂಡು ಶಬ್ದದ ವೇಗವನ್ನು ಲೆಕ್ಕ ಹಾಕಿದರು. ದಾರಿ ಸರಿಯಿತ್ತು, ಆದರೆ ಉತ್ತರ ಅಳತೆಗಿಂತ ಸುಮಾರು 15 ಶೇಕಡಾ ಕಡಿಮೆ ಬಂತು. ಕಾರಣ ಹೇಳಿದವರು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, ಅದೂ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಶಬ್ದ ಹಾಯುವಾಗ ಗಾಳಿ ಅದುಮಿ ಕ್ಷಣಮಾತ್ರ ಬಿಸಿಯಾಗುತ್ತೆ. ಆ ಬಿಸಿ ಸುತ್ತ ಹರಡಿಹೋಗುವಷ್ಟು ವ್ಯವಧಾನ ಇರುವುದಿಲ್ಲ. ಅದರಿಂದ ಗಾಳಿ ನ್ಯೂಟನ್ ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಮರುನೂಕುತ್ತೆ. ಇದನ್ನು ಸೇರಿಸಿದ್ದೇ ತಡ, ಲೆಕ್ಕ ಅಳತೆಗೆ ಕೂತಿತು.

ಬೆಳಕಿಗೆ ದಾಟಿಸುವವರೇ ಬೇಡ. ಅದು ವಿದ್ಯುತ್ಕಾಂತೀಯ ತರಂಗ, ಅಂದರೆ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆ. ಏನೂ ಇಲ್ಲದ ಕಡೆ ಅದರ ಓಟ ಅತಿ ಹೆಚ್ಚು.

ವಿದ್ಯಾರ್ಥಿ: ಸರ್, ಸಾಂದ್ರತೆ ಹೆಚ್ಚಿದಷ್ಟೂ ಶಬ್ದದ ವೇಗ ಹೆಚ್ಚು ಅಂತ ನೋಟ್ಸ್‌ನಲ್ಲಿ ಬರೆಸಿದ್ದಾರೆ. ಗಾಳಿಗಿಂತ ನೀರು, ನೀರಿಗಿಂತ ಕಬ್ಬಿಣ. ಸರಿ ತಾನೆ?

ಉತ್ತರ: ಉದಾಹರಣೆ ಸರಿ, ಕಾರಣ ತಪ್ಪು. ಆ ಸಾಲನ್ನು ದಯವಿಟ್ಟು ಹೊಡೆದುಹಾಕಪ್ಪಾ. ಉಕ್ಕಿಗಿಂತ ಸೀಸದ ಸಾಂದ್ರತೆ ಜಾಸ್ತಿ. ಆದರೂ ತೆಳು ಉಕ್ಕಿನ ಸರಳಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರ್ ಹೋದರೆ ಸೀಸದ ಸರಳಿನಲ್ಲಿ 1,200ರ ಆಸುಪಾಸು. ವಸ್ತು ಭಾರವಾದಷ್ಟೂ ಅಲುಗಲು ಸೋಮಾರಿ, ಅಂದರೆ ಸಾಂದ್ರತೆ ಶಬ್ದವನ್ನು ನಿಧಾನ ಮಾಡುವ ಕಡೆಗೇ ಎಳೆಯುತ್ತೆ. ವೇಗ ಹೆಚ್ಚಿಸುವುದು ಪೆಡಸುತನ, ಅಂದರೆ ಅದುಮಿದರೆ ಎಷ್ಟು ಬಲವಾಗಿ ಹಿಂದಕ್ಕೆ ಚಿಮ್ಮುತ್ತೆ ಅನ್ನುವುದು. ಉಕ್ಕು ಭಾರವೂ ಹೌದು, ಆದರೆ ಅದರ ಪೆಡಸುತನ ಆ ಭಾರವನ್ನು ಎಷ್ಟೋ ಮೀರಿಸುತ್ತೆ. ಸೀಸ ಭಾರ, ಜೊತೆಗೆ ಮೆತ್ತಗೆ. ನೀರಿನಲ್ಲಿ ಶಬ್ದದ ವೇಗ 1,480 ಮೀಟರ್ ಆಗುವುದೂ ನೀರನ್ನು ಅದುಮುವುದು ಅಷ್ಟು ಕಷ್ಟ ಅನ್ನುವ ಕಾರಣಕ್ಕೆ.

ಬೆಳಕಿನ ಕತೆ ಬೇರೆ. ನೀರಿನಲ್ಲಿ ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರ್, ಗಾಜಿನಲ್ಲಿ 2,00,000, ವಜ್ರದಲ್ಲಿ 1,24,000ಕ್ಕೆ ಇಳಿಯುತ್ತೆ. ಅಂದರೆ ನೀರಿಗೆ ಬಂದಾಗ ಶಬ್ದ ನಾಲ್ಕು ಪಟ್ಟು ಏರುತ್ತೆ, ಬೆಳಕು ಕಾಲು ಭಾಗ ಇಳಿಯುತ್ತೆ. ನೀರಿನೊಳಗೆ ಎರಡರ ಅಂತರ ಸುಮಾರು ಒಂದೂವರೆ ಲಕ್ಷ ಪಟ್ಟು ಮಾತ್ರ.

ಪ್ರಶ್ನೆ: ವಿಮಾನ ಹಾರುವ ಎತ್ತರದಲ್ಲಿ ಶಬ್ದ ನಿಧಾನ ಅಂತ ಕೇಳಿದ್ದೆ. ಗಾಳಿ ತೆಳುವಾಗಿರುವುದಕ್ಕಾ?

ಉತ್ತರ: ಅಲ್ಲ, ಚಳಿಗೆ. 11 ಕಿಲೋಮೀಟರ್ ಮೇಲೆ ಸುಮಾರು ಮೈನಸ್ 56 ಡಿಗ್ರಿ, ಶಬ್ದದ ವೇಗ 295 ಮೀಟರ್. ಗಾಳಿ ತೆಳುವಾದಾಗ ಒತ್ತಡ, ಸಾಂದ್ರತೆ ಎರಡೂ ಒಟ್ಟಿಗೆ ಇಳಿಯುವುದರಿಂದ ಒಂದರ ಪರಿಣಾಮ ಇನ್ನೊಂದಕ್ಕೆ ವಜಾ ಆಗುತ್ತೆ.

ಪ್ರಶ್ನೆ: ಶಬ್ದದ ವೇಗವನ್ನು ಅಳೆಯಬಹುದು ಬಿಡಿ. ಆ ಕಾಲದಲ್ಲಿ ಬೆಳಕನ್ನು ಹೇಗೆ ಅಳೆದರು? ಯಾವ ಗಡಿಯಾರ ಸಾಲುತ್ತೆ?

ಉತ್ತರ: ಯಾವ ಗಡಿಯಾರವೂ ಸಾಲುತ್ತಿರಲಿಲ್ಲ. ಗೆಲಿಲಿಯೊ ಮಾಡಿದ ಉಪಾಯ ಮುಚ್ಚಳದ ಲಾಟೀನು. ಒಬ್ಬ ಮುಚ್ಚಳ ತೆಗೆಯುವುದು, ದೂರದಲ್ಲಿರುವ ಇನ್ನೊಬ್ಬ ಬೆಳಕು ಕಂಡ ಕೂಡಲೇ ತನ್ನದನ್ನು ತೆಗೆಯುವುದು. ಇಬ್ಬರ ನಡುವೆ ಒಂದೂವರೆ ಕಿಲೋಮೀಟರ್ ಇದ್ದರೆ ಬೆಳಕು ಹೋಗಿಬರಲು ಬೇಕಾದದ್ದು ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲು. ಮನುಷ್ಯನ ಕೈ ಆಡುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಬೆಳಕಿಗೂ ಒಂದು ವೇಗವಿದೆ ಅನ್ನುವುದಕ್ಕೆ ಮೊದಲ ಪುರಾವೆ ಕೊಟ್ಟವರು ಡೆನ್ಮಾರ್ಕಿನ ಖಗೋಳವಿಜ್ಞಾನಿ ರೋಮರ್, 1676ರಲ್ಲಿ. ಗುರುಗ್ರಹದ ಚಂದ್ರ ಅಯೋಗೆ ಹಿಡಿಯುವ ಗ್ರಹಣಗಳು ಭೂಮಿ ದೂರವಿದ್ದಾಗ ತಡವಾಗಿಯೂ ಹತ್ತಿರವಿದ್ದಾಗ ಬೇಗವೂ ಕಾಣುವುದನ್ನು ಅವರು ಗುರುತಿಸಿದರು.

ಭೂಮಿಯ ಮೇಲೆಯೇ ಅಳೆದು ತೋರಿಸಿದವರು ಫ್ರಾನ್ಸಿನ ಫಿಜೊ, 1849ರಲ್ಲಿ. 720 ಹಲ್ಲುಗಳ ಒಂದು ಚಕ್ರ. ಹಲ್ಲುಗಳ ಸಂದಿನಿಂದ ಬೆಳಕು ಹೊರಟು 8.6 ಕಿಲೋಮೀಟರ್ ದೂರದ ಕನ್ನಡಿಗೆ ಬಡಿದು ಅದೇ ದಾರಿಯಲ್ಲಿ ವಾಪಸ್ ಬರುತ್ತೆ. ಚಕ್ರ ನಿಧಾನಕ್ಕೆ ತಿರುಗುತ್ತಿದ್ದರೆ ಹೋದ ಸಂದಿನಿಂದಲೇ ಕಣ್ಣಿಗೆ ಕಾಣುತ್ತೆ. ತಿರುಗುವ ವೇಗ ಏರಿಸುತ್ತಾ ಹೋದರೆ ಬೆಳಕು ಹಿಂತಿರುಗುವಷ್ಟರಲ್ಲಿ ಆ ಸಂದಿನ ಜಾಗಕ್ಕೆ ಹಲ್ಲು ಬಂದಿರುತ್ತೆ, ಕಣ್ಣಿಗೆ ಕತ್ತಲು. ಸೆಕೆಂಡಿಗೆ 12.6 ಸುತ್ತು ತಿರುಗಿದಾಗ ಹೀಗಾಯಿತು. 720 ಹಲ್ಲು, 720 ಸಂದು ಸೇರಿ 1,440, ಹಾಗಾಗಿ ಒಂದು ಸಂದು ಸರಿದು ಹಲ್ಲು ಬರಲು ಬೇಕಾದ ಕಾಲ 1,440 × 12.6ರಲ್ಲಿ ಒಂದು ಪಾಲು ಸೆಕೆಂಡು. ಆ ಕಾಲದಲ್ಲಿ ಬೆಳಕು 17 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ದೂರ ಓಡಿದೆ. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, ಸೆಕೆಂಡಿಗೆ 3,13,000 ಕಿಲೋಮೀಟರ್ ಬರುತ್ತೆ. ಬರೀ ಐದು ಶೇಕಡಾದಷ್ಟು ಹೆಚ್ಚು. ಇದಕ್ಕಿಂತ ಚೆಂದದ ಪ್ರಯೋಗ ನನಗಂತೂ ಗೊತ್ತಿಲ್ಲ.

ಶಿಕ್ಷಕಿ: ಮಕ್ಕಳ ಕೈಯಲ್ಲಿ ಶಬ್ದದ ವೇಗ ಅಳೆಸಬೇಕು ಸರ್. ಉಪಕರಣ ಏನೂ ಇಲ್ಲ.

ಉತ್ತರ: ದೊಡ್ಡ ಗೋಡೆ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಸಾಕು ಮೇಡಂ. ಗೋಡೆಯಿಂದ 50 ಮೀಟರ್ ದೂರ ನಿಲ್ಲಿಸಿ ಚಪ್ಪಾಳೆ ತಟ್ಟಿಸಿ. ಒಂದೇ ಲಯದಲ್ಲಿ ತಟ್ಟುತ್ತಾ, ಪ್ರತಿಧ್ವನಿ ಎರಡು ಚಪ್ಪಾಳೆಗಳ ಸರಿಯಾಗಿ ನಡುವೆ ಬೀಳುವ ಹಾಗೆ ಲಯವನ್ನು ಹೊಂದಿಸಿಕೊಳ್ಳಬೇಕು. ಸ್ವಲ್ಪ ಹೊತ್ತಿಗೆ ಕಿವಿಗೆ ಹಿಡಿತ ಸಿಗುತ್ತೆ. ಆಮೇಲೆ ಮೊದಲ ಚಪ್ಪಾಳೆಗೆ "ಸೊನ್ನೆ" ಅಂತ ಎಣಿಸಲು ಶುರುಮಾಡಿ 20ರವರೆಗೆ ಎಷ್ಟು ಸೆಕೆಂಡು ಅಂತ ನೋಡಿ. "ಒಂದು" ಅಂತ ಶುರುಮಾಡಿದರೆ ಲೆಕ್ಕ ಕೆಡುತ್ತೆ. ಪ್ರತಿ ಚಪ್ಪಾಳೆಯ ಅವಧಿಯಲ್ಲಿ ಶಬ್ದ 200 ಮೀಟರ್ ಹೋಗುವಷ್ಟು ಕಾಲವಿದೆ, ಇಪ್ಪತ್ತಕ್ಕೆ 4,000 ಮೀಟರ್. ಸುಮಾರು 11.7 ಸೆಕೆಂಡು ಬಂದರೆ ಉತ್ತರ 342ರ ಹತ್ತಿರ. ಮಕ್ಕಳಿಗೆ ಉತ್ತರ ಮೊದಲೇ ಹೇಳಬೇಡಿ.

ಪ್ರಶ್ನೆ: ಮಿಂಚು ಕಂಡ ಮೇಲೆ ಎಣಿಸಿ ದೂರ ಹೇಳುತ್ತಾರಲ್ಲ, ಅದು ನಿಜವಾ? ಇನ್ನೊಂದು, ಮಿಂಚು ಕ್ಷಣದಲ್ಲಿ ಮುಗಿಯುತ್ತೆ, ಗುಡುಗು ಯಾಕೆ ಅಷ್ಟು ಹೊತ್ತು ಉರುಳುತ್ತೆ?

ಉತ್ತರ: ನಿಜ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಹತ್ತಿರಹತ್ತಿರ ಮೂರು ಸೆಕೆಂಡು ಬೇಕು, ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿ. ಎರಡನೇ ಪ್ರಶ್ನೆಯ ಉತ್ತರವೂ ಇದರಲ್ಲೇ ಇದೆ. ಮಿಂಚಿನ ಗೆರೆ ಹಲವು ಕಿಲೋಮೀಟರ್ ಉದ್ದ. ಅದರ ಎಲ್ಲ ಭಾಗದ ಬೆಳಕೂ ನಮಗೆ ಒಟ್ಟಿಗೇ ಬಂದ ಹಾಗೆ. ಶಬ್ದ ಹಾಗಲ್ಲ. ಹತ್ತಿರದ ತುದಿಯದು ಮೊದಲು, ಮೋಡದೊಳಗಿನ ಆಚೆ ತುದಿಯದು ಎಷ್ಟೋ ಸೆಕೆಂಡು ತಡ. ಅದೇ ಗುಡುಗುಡು.

ಆದರೆ ಎಣಿಕೆಯಲ್ಲಿ ದೂರ ಬಂತು ಅಂತ ಬಯಲಲ್ಲಿ ನಿಲ್ಲಬೇಡಿ. ಗುಡುಗು ಕೇಳಿಸಿತು ಅಂದರೇ ಮುಂದಿನ ಸಿಡಿಲು ನಿಮ್ಮ ಮೇಲೆ ಬೀಳಬಹುದಾದಷ್ಟು ಹತ್ತಿರ ಇದ್ದೀರಿ. ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ಪ್ರಶ್ನೆ: ದೊಡ್ಡ ಸ್ಫೋಟಗಳಲ್ಲೂ ಇಷ್ಟು ಸಮಯ ಸಿಗುತ್ತಾ?

ಉತ್ತರ: ದೂರವಿದ್ದರೆ ಸಿಗುತ್ತೆ, ಅದನ್ನು ಎಲ್ಲರೂ ತಿಳಿದಿರಬೇಕು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಆಕಾಶದಲ್ಲಿ ಉಲ್ಕೆಯೊಂದು ಸಿಡಿಯಿತು. ಕಣ್ಣು ಕುಕ್ಕುವ ಬೆಳಕು ಕಂಡು ಜನ ಏನಾಯಿತು ಅಂತ ಕಿಟಕಿಗಳ ಹತ್ತಿರ ಓಡಿಬಂದರು. ಒಂದೆರಡು ನಿಮಿಷದ ಮೇಲೆ ಬಂದ ಆಘಾತದ ಅಲೆಗೆ ಗಾಜುಗಳು ಒಡೆದವು. ಸುಮಾರು 1,500 ಜನ ಚಿಕಿತ್ಸೆ ಪಡೆದರು, ಹೆಚ್ಚಿನವರ ಗಾಯ ಗಾಜಿನದ್ದೇ. ಅಲ್ಲಿನ ಒಬ್ಬ ಶಿಕ್ಷಕಿ ಬೆಳಕು ಕಂಡ ಕೂಡಲೇ ಮಕ್ಕಳನ್ನೆಲ್ಲ ಮೇಜುಗಳ ಕೆಳಗೆ ಕಳಿಸಿದರು. ನಿಂತೇ ಇದ್ದ ಅವರಿಗೆ ಗಾಯವಾಯಿತು, ಮಕ್ಕಳಿಗೆ ಏನೂ ಆಗಲಿಲ್ಲ. ಹಾಗಾಗಿ ದೂರದಲ್ಲಿ ಅಸಹಜವಾದ ಬೆಳಕು ಹೊಳೆದು ಶಬ್ದ ಇನ್ನೂ ಬಂದಿಲ್ಲವೆಂದರೆ ಕಿಟಕಿಗೆ ಬೆನ್ನು ಹಾಕಿ ಒಳಗೆ ಸರಿಯಿರಿ, ಗಟ್ಟಿ ಮೇಜಿದ್ದರೆ ಅದರಡಿ ಕೂತುಕೊಳ್ಳಿ. ಫೋನ್ ಹಿಡಿದು ವಿಡಿಯೊ ಮಾಡಲು ಗಾಜಿನ ಹತ್ತಿರ ಹೋಗಬೇಡಿ. ಸದ್ದು ಬಂದು ಹೋಗಲಿ, ಆಮೇಲೆ ನೋಡಿ.