ಸಹಾಯ ಬೇಕು: ಕ್ಲೆಬ್ಸಿಯೆಲ್ಲಾ ಫೇಜ್, ಪ್ಲಾಕ್ ನಡುವೆ ಮಬ್ಬು

ದಾವಣಗೆರೆ, ಚಿತ್ರದುರ್ಗ ಕಡೆ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲೋ ವೈರಸ್) ಕೆಲಸ ಬಲ್ಲವರು ಯಾರಾದ್ರೂ ಇದ್ದೀರಾ?

ಕಾರ್ಬಪೆನೆಮ್ ಅನ್ನೋ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಬ್ಯಾಕ್ಟೀರಿಯಾ ಮೇಲೆ ಫೇಜ್ ಹುಡುಕ್ತಿದ್ದೀವಿ. ದಾವಣಗೆರೆಯ ಚರಂಡಿ ನೀರು 50 ಮಿ.ಲೀ., ಸೆಂಟ್ರಿಫ್ಯೂಜ್‌ನಲ್ಲಿ ಕೆಸರು ಇಳಿಸಿ, 0.22 ಮೈಕ್ರಾನ್ ಪಿಇಎಸ್ ಫಿಲ್ಟರ್‌ನಲ್ಲಿ ಸೋಸಿದ್ದು. ಅದಕ್ಕೆ ಅಷ್ಟೇ ಅಳತೆಯ ದುಪ್ಪಟ್ಟು ಸಾಂದ್ರತೆಯ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸೋ ದ್ರವ), ಬ್ಯಾಕ್ಟೀರಿಯಾ ಸೇರಿಸಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಶೇಕರ್. ಆಮೇಲೆ ಎರಡು ಪದರದ ಅಗಾರ್: ಕೆಳಗೆ 1.5%, ಮೇಲೆ 0.5%, ಜತೆಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಮೇಲಿನ ಪದರ 47 ಡಿಗ್ರಿಗೆ ಇಳಿದ ಮೇಲೇ ಸುರಿದದ್ದು. ಅದಕ್ಕಿಂತ ತುಂಬಾ ಬಿಸಿ ಇದ್ರೆ ಬ್ಯಾಕ್ಟೀರಿಯಾನೇ ಸಾಯುತ್ತೆ, ಪ್ಲೇಟ್ ಪೂರ್ತಿ ಖಾಲಿ ಕಂಡು ಫೇಜ್ ಸಿಕ್ತು ಅಂತ ಮೋಸ ಹೋಗ್ತೀವಿ. ಪ್ಲೇಟ್ ಒಣಗದಿದ್ರೆ ಪ್ಲಾಕ್‌ಗಳು (ಫೇಜ್ ಬ್ಯಾಕ್ಟೀರಿಯಾ ಕೊಂದ ಕಡೆ ಕಾಣೋ ಚುಕ್ಕೆಗಳು) ಒಂದಕ್ಕೊಂದು ಹರಡಿಕೊಳ್ಳೋದು ಬೇರೆ.

ಈಗ ಗುಂಡುಸೂಜಿ ತಲೆಯಷ್ಟು ಪ್ಲಾಕ್, ಸುತ್ತ ತೆಳು ವರ್ತುಲ. ವರ್ತುಲದ ಚಿಂತೆ ಇಲ್ಲ, ಡಿಪಾಲಿಮರೇಸ್ ಅನ್ನೋ ಫೇಜ್ ಕಿಣ್ವ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ (ಹೊರಕವಚ) ತಿನ್ನೋ ಗುರುತು ಇರಬಹುದು. ಆದ್ರೆ ನಡುಭಾಗ ಮೂರು ಸಲ ಒಂಟಿ ಪ್ಲಾಕ್ ಎತ್ತಿ ಶುದ್ಧ ಮಾಡಿದ್ರೂ ಮಬ್ಬೇ. ಲೈಸೋಜೆನಿ ಇದ್ರೆ ಚಿಕಿತ್ಸೆಗೆ ಈ ಫೇಜ್ ಬೇಡವೇ ಬೇಡ: ಕೊಲ್ಲದೆ ಬ್ಯಾಕ್ಟೀರಿಯಾದ ಜೀನೋಮ್ ಒಳಗೆ ಸೇರಿಕೊಂಡು ಕೂರುತ್ತೆ, ಪ್ರತಿರೋಧದ ಜೀನ್‌ಗಳನ್ನೂ ದಾಟಿಸಬಹುದು. ಬರೀ ಫೇಜ್‌ಗೆ ಬಗ್ಗದ ನಿರೋಧಕ ತಳಿ ಬೆಳೆದಿದ್ರೆ ಬೇರೆ ಮಾತು.

ಮಬ್ಬಿನಿಂದ ಬ್ಯಾಕ್ಟೀರಿಯಾ ಎತ್ತಿ, ಮೈಟೋಮೈಸಿನ್ ಸಿ (ಅಡಗಿದ ಫೇಜ್ ಎಬ್ಬಿಸೋ ರಾಸಾಯನಿಕ) ಕೊಟ್ಟು ಫೇಜ್ ಹೊರಬರುತ್ತಾ ನೋಡಬೇಕು. ಸ್ವಲ್ಪ ಮೈಟೋಮೈಸಿನ್, ಇಲ್ಲವೇ ಇಂಟಿಗ್ರೇಸ್ ಜೀನ್‌ಗೆ (ಫೇಜ್ ಜೀನೋಮ್‌ನಲ್ಲಿ ಸೇರಿಕೊಳ್ಳೋಕೆ ಬೇಕಾದ ಜೀನ್) ಪಿಸಿಆರ್ ಪ್ರೈಮರ್ ಮಾಡಿರೋರ ಸಲಹೆ ಸಿಗುತ್ತಾ? ಬದಲಿಗೆ ಎಸ್‌ಎಂ ಬಫರ್‌ನಲ್ಲಿ (ಫೇಜ್ ಕಾಪಿಡೋ ದ್ರಾವಣ) 4 ಡಿಗ್ರಿಯಲ್ಲಿಟ್ಟ ಫೇಜ್ ಕೊಡ್ತೀವಿ. ಬ್ಯಾಕ್ಟೀರಿಯಾ ತಳಿ ಮಾತ್ರ ಜೈವಿಕ ಸುರಕ್ಷತಾ ಕ್ಯಾಬಿನೆಟ್ ಇರೋ ಲ್ಯಾಬ್‌ಗಷ್ಟೇ. ರೋಗಿಗೆ ಕೊಡೋಕೆ ದಯವಿಟ್ಟು ಕೇಳಬೇಡಿ.