ಪುಟ್ಟಿ, ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆ ಹಾಲು ಕಾಯಿಸುವಾಗಲೇ ನೋಡಿದೆ. ನಿಮ್ಮ ಬಡಾವಣೆಯ ಬಳಕೆದಾರರ ಸಹಕಾರ ಸಂಘಕ್ಕೆ ಚುನಾವಣೆ, ಮಹಿಳಾ ಸೀಟಿಗೆ ನೀನೇ ನಿಲ್ಲು ಅಂತ ಅಕ್ಕಪಕ್ಕದವರೆಲ್ಲ ಹಿಂದೆ ಬಿದ್ದಿದ್ದಾರೆ, ನಾಮಪತ್ರಕ್ಕೆ ಇನ್ನು ನಾಲ್ಕೇ ದಿನ, "ನಾಳೆ ಸೊಸೈಟಿ ಮುಳುಗಿದರೆ ನಮ್ಮ ಮನೆ ಹರಾಜಿಗೆ ಬರುತ್ತಾ ಅತ್ತೆ" ಅಂತ ಕೇಳಿದ್ದೀಯ. ಅದರ ಕೆಳಗೆ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಇಷ್ಟು ಓದಿದ ಮನೆತನದಲ್ಲಿ ಇಷ್ಟೊಂದು ಹೆಬ್ಬೆಟ್ಟು! ಒಬ್ಬರೂ ಉತ್ತರ ಕೊಟ್ಟಿಲ್ಲ. ನನಗೆ ಉದ್ದುದ್ದ ಟೈಪ್ ಮಾಡೋಕೆ ಬರಲ್ಲ. ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತೆ ಅಂತ ಮೊಮ್ಮಗ ತೋರಿಸಿಕೊಟ್ಟಿದ್ದಾನೆ. ತಪ್ಪಿದ್ದರೆ ಅದು ಫೋನಿನ ತಪ್ಪು.

ನಾನು ನಮ್ಮೂರ ಸೊಸೈಟಿಯಲ್ಲಿ ಐದು ವರ್ಷ ಡೈರೆಕ್ಟರ್ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ. ಊರ ಹೆಸರು, ಜನರ ಹೆಸರು ಎತ್ತುವುದು ಬೇಡ. ಅವರ ಮಕ್ಕಳು ಈಗಲೂ ಮದುವೆಗೆ ಕರೆಯುತ್ತಾರೆ. ಅದೇ, ರೇಷನ್ ಡಿಪೋ, ಪಕ್ಕದಲ್ಲಿ ದಿನಸಿ, ಮೇಲೆ ಮೀಟಿಂಗ್ ಹಾಲು, ಮೆಟ್ಟಿಲ ಕೆಳಗೆ ಸೀಮೆಎಣ್ಣೆ ಡ್ರಮ್ಮು. ನಿಮ್ಮಪ್ಪ ಸಣ್ಣವನಿದ್ದಾಗ ಅಲ್ಲೇ ಕ್ಯೂ ನಿಂತು ಕಾರ್ಡು ಕಳೆದುಕೊಂಡು ಬಂದದ್ದು.

ನಾನು ನಿಂತದ್ದು ಹೇಗೆ ಗೊತ್ತಾ? ನಾನು ನಿಲ್ಲಲೇ ಇಲ್ಲ, ನಿಲ್ಲಿಸಿದರು. ದೊಡ್ಡ ಭಾವ ಮೊದಲೇ ಬೋರ್ಡಿನಲ್ಲಿದ್ದರಲ್ಲ, ಒಂದು ದಿನ ರಾತ್ರಿ ಊಟಕ್ಕೆ ಕೂತಾಗ "ಮಹಿಳಾ ಸೀಟು ಖಾಲಿ ಇದೆ, ಬೇರೆ ಮನೆಗೆ ಹೋಗೋದು ಬೇಡ" ಅಂದರು. ಸಾರು ಬಡಿಸು ಅಂದ ಹಾಗೇ ಹೇಳಿದರು. ನಾಮಪತ್ರ ಅವರೇ ತಂದರು, ಅವರೇ ತುಂಬಿದರು, ಅವಿರೋಧ ಆಯ್ಕೆ ಅಂತ ಅವರೇ ಸಿಹಿ ಹಂಚಿದರು.

ಮೊದಲ ಎರಡು ಮೀಟಿಂಗಿಗೆ ಹೋದೆ. ಎಂಟು ಗಂಡಸರು, ನಾನೊಬ್ಬಳು. ಕ್ಯಾಲೆಂಡರ್ ಕೆಳಗೆ ಒಂದು ಕಬ್ಬಿಣದ ಕುರ್ಚಿ ನನಗೆ. ಮೂರನೇ ಸಲ ಕಾರ್ಯದರ್ಶಿ ಬಹಳ ಮರ್ಯಾದೆಯಿಂದ ಹೇಳಿದರು, "ನೀವ್ಯಾಕಮ್ಮ ಕೆಲಸ ಬಿಟ್ಟು ಬರುತ್ತೀರಿ, ಪುಸ್ತಕ ಮನೆಗೇ ಕಳಿಸುತ್ತೇವೆ, ಸಹಿ ಹಾಕಿದರಾಯಿತು." ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ ನಾನು. ಆಮೇಲೆ ತಿಂಗಳಿಗೊಂದು ಸಲ ಜವಾನ ಸೈಕಲ್ ಮೇಲೆ ನಡಾವಳಿ ಪುಸ್ತಕ, ಅದೇ ಮೀಟಿಂಗಿನ ತೀರ್ಮಾನ ಬರೆಯೋ ಪುಸ್ತಕ, ತರುತ್ತಿದ್ದ. ಕೆಂಪು ಬೈಂಡು, ಮೂಲೆಯೆಲ್ಲ ಸವೆದಿತ್ತು. ಪೆನ್ನೂ ಅವನೇ ತರುತ್ತಿದ್ದ. ಪೆನ್ಸಿಲಿನಲ್ಲಿ ಸಣ್ಣ ಗುಣಿಸು ಗುರುತು ಹಾಕಿದ ಕಡೆ ನಾನು ಸಹಿ ಹಾಕುತ್ತಿದ್ದೆ.

2001ನೇ ಇಸವಿ, ಯುಗಾದಿಯ ಹಿಂದಿನ ದಿನ. ಒಬ್ಬಟ್ಟಿಗೆ ಕಣಕ ನಾದುತ್ತಿದ್ದೆ. ಎಣ್ಣೆ, ಅರಿಶಿನ ಮೊಣಕೈವರೆಗೂ. ಆ ಹುಡುಗ ಬಾಗಿಲಲ್ಲಿ ನಿಂತು "ಅಮ್ಮ, ಅರ್ಜೆಂಟು, ಮಾರ್ಚ್ ಲೆಕ್ಕ" ಅಂದ. ಸೆರಗಿಗೆ ಒಂದು ಕೈ ಒರೆಸಿಕೊಂಡೆ. ಒಲೆ ಮೇಲೆ ಬೇಳೆ ಉಕ್ಕುತ್ತಿತ್ತು. ಪುಸ್ತಕ ಬಾಗಿಲ ಪಟ್ಟಿಗೇ ಒತ್ತಿ ಹಿಡಿದ, ಗುರುತು ಇದ್ದಲ್ಲಿ ಸಹಿ ಹಾಕಿದೆ. ಮೇಲಿನ ಬರವಣಿಗೆಗೂ ನಮ್ಮ ಸಹಿಗಳಿಗೂ ನಡುವೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಕಂಡಿತ್ತು ಪುಟ್ಟಿ, ಕಣ್ಣಿಗೆ ಕಂಡಿತ್ತು. ಹಬ್ಬದ ಗಡಿಬಿಡಿಯಲ್ಲಿ ಯಾರು ಕೇಳುತ್ತಾರೆ ಅಂತ ಬಿಟ್ಟೆ.

ಅದಕ್ಕೇ ಹೇಳೋದು, ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡ. ಬಂದವನಿಗೆ ಕಾಫಿ ಕೊಡು, ಪುಸ್ತಕ ವಾಪಸ್ ಕಳಿಸು.

ಆ ನಾಲ್ಕು ಬೆರಳು ಜಾಗದಲ್ಲಿ ಆಮೇಲೆ ಏನು ಬಂತು ಅಂದರೆ, 60 ಮೂಟೆ ಸಕ್ಕರೆಯನ್ನು ಒಬ್ಬ ಅಡುಗೆ ಕಂಟ್ರಾಕ್ಟರಿಗೆ ಸಾಲದ ಮೇಲೆ ಕೊಡಲು ಸರ್ವಾನುಮತದಿಂದ ಒಪ್ಪಲಾಯಿತು ಅಂತ. ಸರ್ವಾನುಮತ! ಸಕ್ಕರೆ ಹೋಗಿ ಆಗಲೇ ಎರಡು ತಿಂಗಳಾಗಿತ್ತಂತೆ. ಮಾರ್ಚ್ 31ಕ್ಕೆ ದಾಸ್ತಾನು ಎಣಿಸಬೇಕಲ್ಲ, ಗೋದಾಮಿನಲ್ಲಿ ಮೂಟೆ ಇಲ್ಲ, ಪುಸ್ತಕದಲ್ಲಿ ಇದೆ. ಅದನ್ನು ಸರಿ ಮಾಡೋಕೆ ನಮ್ಮ ಸಹಿ ಬೇಕಾಗಿತ್ತು. ಆ ಕಂಟ್ರಾಕ್ಟರು ಒಂದು ರೂಪಾಯಿ ಕಟ್ಟಲಿಲ್ಲ. ಮರುವರ್ಷ ಆಡಿಟ್‌ನಲ್ಲಿ ಸಿಕ್ಕಿತು. 64ನೇ ಕಲಂ ಪ್ರಕಾರ ವಿಚಾರಣೆ, ಆಮೇಲೆ 69ನೇ ಕಲಂ ನೋಟಿಸು, ಅಂದರೆ ನಷ್ಟಕ್ಕೆ ಕಾರಣ ಆದವರಿಂದಲೇ ವಸೂಲಿ. ನಮ್ಮ ಕರ್ನಾಟಕದ ಸಹಕಾರ ಸಂಘಗಳ ಕಾಯ್ದೆ, 1959ರದ್ದು. ಅಡುಗೆ ಪುಸ್ತಕವನ್ನೂ ನಾನು ಇಷ್ಟು ಸಲ ತಿರುವಿಲ್ಲ.

ವಿಚಾರಣೆಯ ದಿನ ನಮ್ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಒಳಗೆ ನಾನೊಬ್ಬಳೇ. ಅಧಿಕಾರಿ ಪುಸ್ತಕ ತಿರುಗಿಸಿ ನನ್ನ ಮುಂದಿಟ್ಟರು. "ಈ ಸಹಿ ನಿಮ್ಮದಾ ಅಮ್ಮ?" ಪುಟದ ಅಂಚಿನಲ್ಲಿ ಅರಿಶಿನದ ಹೆಬ್ಬೆರಳು. ಎಣ್ಣೆ ಇಳಿದು ಕಾಗದ ಅಲ್ಲಿ ಗಾಜಿನ ಥರ ಆಗಿತ್ತು, ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ನನ್ನದಲ್ಲ ಅಂತ ಹೇಗೆ ಹೇಳಲಿ? ಆಮೇಲೆ ಬರೆದ ಸಾಲಿನ ಮಸಿ ಬೇರೆ ಬಣ್ಣ ಇದೆ, ನೋಡಿ ಸಾರ್ ಅಂದೆ. ಅವರು ನೋಡಿದರು, ಬರೆದುಕೊಂಡರು. ಆದರೂ "ಖಾಲಿ ಜಾಗ ಬಿಟ್ಟು ಸಹಿ ಹಾಕಿದ್ದು ನಿಮ್ಮ ನಿರ್ಲಕ್ಷ್ಯ ಅಲ್ವಾ" ಅಂದರು. ಅಲ್ಲ ಅನ್ನೋಕೆ ಆಗಲಿಲ್ಲ.

ಕಿಲೋಗೆ 14 ರೂಪಾಯಿ ಲೆಕ್ಕ, ಕ್ವಿಂಟಾಲ್ ಮೂಟೆ, ಒಟ್ಟು 84,000. ಅರ್ಧ ಕಾರ್ಯದರ್ಶಿ ತಲೆಗೆ, ಇನ್ನರ್ಧ ನಮ್ಮ ಎಂಟು ಜನರ ತಲೆಗೆ. ನನ್ನ ಪಾಲು 5,250, ಮೇಲೆ ಬಡ್ಡಿ. ಈಗ ನಿಮಗೆ ಅದು ಒಂದು ಸೀರೆ ದುಡ್ಡು. ಆಗ ನನ್ನ ಅವಲಕ್ಕಿ ಸರ ಗಿರವಿಗೆ ಹೋಯಿತು. ಬಿಡಿಸಿಕೊಳ್ಳೋಕೆ ಎರಡು ವರ್ಷ ಹಪ್ಪಳ ಒತ್ತಿದೆ.

ಎಂಟೇ ಜನ ಯಾಕೆ, ಒಂಬತ್ತು ಅಲ್ವಾ ಅಂತ ಕೇಳುತ್ತೀಯ. ರಿಟೈರ್ಡ್ ಮೇಷ್ಟ್ರೊಬ್ಬರಿದ್ದರು. ಅವರ ಮನೆಗೂ ಅದೇ ಸೈಕಲ್ಲು, ಅದೇ ಪುಸ್ತಕ ಹೋಗಿತ್ತು. "ಮೀಟಿಂಗ್ ನಡೆದ ಕಡೆ ಸಹಿ, ಮನೆಯಲ್ಲಿ ಬರೀ ಹೋಮ್‌ವರ್ಕ್" ಅಂತ ಹೇಳಿ ವಾಪಸ್ ಕಳಿಸಿದ್ದರಂತೆ. ಅವರ ಜಾಗ ಖಾಲಿ ಇತ್ತು, ಅವರ ಜೇಬು ಉಳಿಯಿತು. ಮೀಟಿಂಗಿನಲ್ಲೂ ಕೊನೆಯ ಅಕ್ಷರ ಆದ ತಕ್ಷಣ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದು ಅದರ ಕೆಳಗೇ ಸಹಿ ಹಾಕುತ್ತಿದ್ದರು. ನಾವೆಲ್ಲ ಅವರನ್ನು ನೋಡಿ ನಗುತ್ತಿದ್ದೆವು. ಕಾಫಿ ಆರಿ ಹೋಗುತ್ತೆ ಮೇಷ್ಟ್ರೇ, ಬೇಗ ಗೆರೆ ಎಳೀರಿ ಅಂತ.

ತಮಾಷೆ ಕೇಳು. ದುಡ್ಡು ಕಟ್ಟಿ ಮುಗಿದ ಮೇಲೆ ಡೈರೆಕ್ಟರುಗಳಿಗೆ ಒಂದು ದಿನದ ತರಬೇತಿ ಅಂತ ಕರೆದರು. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ಅಲ್ಲಿ ಬಂದವರು ಚೆನ್ನಾಗಿ ಮಾತಾಡಿದರು ಬಿಡು. ನಮ್ಮ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಶುರು ಮಾಡಿದ್ದು, ಅದಕ್ಕೂ ಮೊದಲು 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಅನ್ನೋ ಊರಲ್ಲಿ 28 ಜನ ಸೇರಿ ಅಂಗಡಿ ಇಟ್ಟಿದ್ದು, ಎಲ್ಲ ಹೇಳಿದರು. ಆ ಅಂಗಡಿಯಲ್ಲಿ ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಒಂದಷ್ಟು ಮೇಣದಬತ್ತಿ, ಇಷ್ಟೇ ಅಂತೆ. ಸಕ್ಕರೆ ಅಂದ ತಕ್ಷಣ ನಾವು ಎಂಟೂ ಜನ ತಲೆ ತಗ್ಗಿಸಿದೆವು. ಆ ರಾಚ್‌ಡೇಲಿನವರು ಮಾಡಿಕೊಂಡ ನಿಯಮ ಏನು ಗೊತ್ತಾ? ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಸಾಲದ ವ್ಯಾಪಾರ ಇಲ್ಲ. ದುಡ್ಡು ಕೊಡು, ಸಾಮಾನು ತಗೋ. ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಓಟು. ಅಷ್ಟು ಹಿಂದೆ ಅವರಿಗೆ ಗೊತ್ತಿದ್ದದ್ದು ನಮ್ಮ ಕಾರ್ಯದರ್ಶಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅದಕ್ಕೇ ಜಾಗ ಖಾಲಿ ಬಿಟ್ಟಿದ್ದು.

ಇನ್ನೊಂದು ಸಲ ಹೇಳುತ್ತೇನೆ, ಬೈಯಬೇಡ. ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡ. ಮೀಟಿಂಗಿಗೆ ಹೋಗು, ಓದು, ಗೆರೆ ಎಳಿ, ಆಮೇಲೆ ಸಹಿ. ಒಪ್ಪಿಗೆ ಇಲ್ಲದಿದ್ದರೆ "ನನ್ನ ವಿರೋಧವಿದೆ" ಅಂತ ಅದೇ ಪುಸ್ತಕದಲ್ಲಿ ಬರೆಸು. ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಬಿದ್ದಿರುವುದಿಲ್ಲ.

ನೋಟಿಸು ಬಂದ ದಿನ ದೊಡ್ಡ ಭಾವ ಏನಂದರು ಗೊತ್ತಾ? "ನಿನಗೆ ಓದೋಕೆ ಬರಲ್ವಾ?" ನನ್ನನ್ನು ನಿಲ್ಲಿಸುವಾಗ ಓದೋಕೆ ಬರುತ್ತಾ ಅಂತ ಕೇಳಿರಲಿಲ್ಲ. ಅವರೂ ಅದೇ ಪುಟದಲ್ಲಿ ನನ್ನ ಮೇಲಿನ ಸಾಲಿನಲ್ಲೇ ಸಹಿ ಹಾಕಿದ್ದರು, ಇಂಗ್ಲಿಷಿನಲ್ಲಿ ಬೇರೆ, ಬಾಲ ಎಳೆದು. ಅವರು ಈಗ ಇಲ್ಲ, ಇಲ್ಲದವರ ಬಗ್ಗೆ ಮಾತಾಡಬಾರದು. ಆದರೆ ಇರುವವರ ಬಗ್ಗೆ ಮಾತಾಡಬಹುದಲ್ಲ? ಆ ಸೊಸೈಟಿಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ಮಾಡಿದರು. ಎಲ್ಲ ಅವಧಿಯ ಡೈರೆಕ್ಟರುಗಳ ಪಟ್ಟಿ, ಫೋಟೋ. ನಮ್ಮ ಅವಧಿಯಲ್ಲಿ ನನ್ನ ಜಾಗದಲ್ಲಿ ನಮ್ಮನೆಯವರ ಹೆಸರು! ಅವರು ಆ ಮೆಟ್ಟಿಲು ಹತ್ತಿದ್ದೇ ಸೀಮೆಎಣ್ಣೆ ಚೀಟಿಗೆ. ಫೋಟೋ ಕೂಡ ಅವರದ್ದೇ, ಯಾವುದೋ ಮದುವೆಯದ್ದು, ಪಕ್ಕದಲ್ಲಿ ನನ್ನ ಭುಜ ಅರ್ಧ ಕಾಣುತ್ತೆ. ಕೇಳಿದ್ದಕ್ಕೆ ಸೊಸೈಟಿಯವರು "ಎಲ್ಲ ಒಂದೇ ಅಲ್ವಾ ಅಮ್ಮ" ಅಂದರು. ನೋಟಿಸು ಕಳಿಸುವಾಗ ಒಂದೇ ಆಗಿರಲಿಲ್ಲ, ಆಗ ನನ್ನ ಹೆಸರು, ತಂದೆ ಹೆಸರು, ಮನೆ ನಂಬರು ಎಲ್ಲ ತಪ್ಪಿಲ್ಲದೆ ಬರೆದಿದ್ದರು. ನಮ್ಮನೆಯವರೂ ಆ ಸಂಚಿಕೆಯನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ. ಧೂಳು ನಾನೇ ಒರೆಸಬೇಕು.

ಈ ಗ್ರೂಪಿನಲ್ಲಿ ಇರುವವರೂ ಕಡಿಮೆ ಇಲ್ಲ. ಸರ್ವ ಸದಸ್ಯರ ಸಭೆಗೆ ಯಾಕೆ ಹೋಗುತ್ತೀರಿ? ಉಪ್ಪಿಟ್ಟು ಕೇಸರಿಬಾತಿಗೆ, ಸ್ಟೀಲ್ ಡಬ್ಬಕ್ಕೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಡಬ್ಬ ತಗೊಂಡು, ಲೆಕ್ಕಪತ್ರ ಓದುವಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿರುತ್ತೀರಿ. ಹೆಸರು ಹೇಳುವುದಿಲ್ಲ, ಕಳೆದ ವರ್ಷ ಎರಡು ಡಬ್ಬ ತಂದವರೂ ಇಲ್ಲೇ ಇದ್ದಾರೆ.

ನೀನು ಕೇಳಿದ್ದು ಏನು? ಹಾಂ, ಮನೆ ಹರಾಜು. ಹಾಗೆಲ್ಲ ಆಗಲ್ಲ ಕಣೇ. ಸೊಸೈಟಿ ಮುಳುಗಿತು ಅನ್ನೋ ಒಂದೇ ಕಾರಣಕ್ಕೆ ನಿನ್ನ ಮನೆಗೆ ಯಾರೂ ಬರಲ್ಲ. ಸದಸ್ಯಳಾಗಿ ನಿನ್ನ ಹೊಣೆ ಎಷ್ಟು ಅಂತ ಬೈಲಾದಲ್ಲಿ, ಅದೇ ಸಂಘದ ನಿಯಮದ ಪುಸ್ತಕದಲ್ಲಿ, ಬರೆದಿರುತ್ತೆ, ಸೀಮಿತ ಹೊಣೆಯ ಸಂಘ ಆದರೆ ಸಾಮಾನ್ಯವಾಗಿ ಷೇರು ದುಡ್ಡು ಹೋಗುತ್ತೆ, ಅಷ್ಟೇ. ನಿನ್ನ ತಪ್ಪಿನಿಂದ, ನಿರ್ಲಕ್ಷ್ಯದಿಂದ ನಷ್ಟ ಆಯಿತು ಅಂತ ವಿಚಾರಣೆಯಲ್ಲಿ ತೀರ್ಮಾನ ಆದರೆ ಮಾತ್ರ 69ನೇ ಕಲಂ. ಅದಕ್ಕೂ ಮೊದಲು ನಿನ್ನ ಮಾತು ಕೇಳಲೇಬೇಕು. ಹೆದರಬೇಡ, ನಿಲ್ಲು. ಹಿಂದಿನ ಆಡಿಟ್ ವರದಿ ಕೇಳಿ ತರಿಸು, ಎ, ಬಿ, ಸಿ, ಡಿ ಅಂತ ದರ್ಜೆ ಕೊಟ್ಟಿರುತ್ತಾರೆ. ಡಿ ಇದ್ದರೆ ನನಗೆ ಫೋನ್ ಮಾಡು, ಅದರ ಮಾತೇ ಬೇರೆ.

ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡು. ಷೇರು ಯಾರ ಹೆಸರಲ್ಲಿದೆ? ನೀನು ಮದುವೆಯಾಗಿ ಬಂದಾಗಿನಿಂದ ಸಾಮಾನು ತರುತ್ತಿರುವುದು ಪಾಪ ನಿನ್ನ ಗಂಡನ ಅಪ್ಪನ ಸದಸ್ಯ ನಂಬರಿನಲ್ಲಿ ಅಲ್ವಾ? ಅವರು ಹೋಗಿ ಮೂರು ವರ್ಷ ಆಯಿತು. ಆ ಷೇರನ್ನು ನಿನ್ನ ಹೆಸರಿಗೆ ವರ್ಗ ಮಾಡಿಸಿದ್ದೀರಾ, ಇಲ್ಲ ಇನ್ನೂ ಅವರ ಹೆಸರಲ್ಲೇ ಅಕ್ಕಿ ಬೇಳೆ ಬರುತ್ತಿದೆಯಾ? ನಿನ್ನ ಹೆಸರಲ್ಲಿ ಇಲ್ಲದಿದ್ದರೆ ನೀನು ಸದಸ್ಯಳೇ ಅಲ್ಲ. ನಿಲ್ಲುವುದಿರಲಿ, ಓಟು ಹಾಕೋಕೂ ಆಗಲ್ಲ. ಆ ಅಕ್ಕಪಕ್ಕದವರು ಇದನ್ನು ನೋಡಿದ್ದಾರೋ ಇಲ್ಲವೋ.

ಈಗಲೇ ಸೊಸೈಟಿಗೆ ಹೋಗು. ನೋಟಿಸ್ ಬೋರ್ಡಿನಲ್ಲಿ ಎರಡು ಪಟ್ಟಿ ಅಂಟಿಸಿರುತ್ತಾರೆ, ಅರ್ಹ ಮತದಾರರದ್ದು ಒಂದು, ಅನರ್ಹರದ್ದು ಒಂದು. ಎರಡನ್ನೂ ನೋಡು. ನಿನ್ನ ಹೆಸರು ಅರ್ಹರ ಪಟ್ಟಿಯಲ್ಲಿ ಇದ್ದರೆ ಬಾಕಿ ಇಲ್ಲ ಅಂತ ಒಂದು ಪತ್ರ ಬರೆಸಿಕೊ. ಸೂಚಕರು, ಅನುಮೋದಕರು ಅಂತ ಸಹಿ ಹಾಕುವವರ ಹೆಸರೂ ಅದೇ ಪಟ್ಟಿಯಲ್ಲಿ ಇದೆಯಾ ನೋಡಿಕೊ. ಷೇರು ಪತ್ರ ನಿಮ್ಮ ಅತ್ತೆಯ ಬೀರುವಿನಲ್ಲಿ ಇರುತ್ತೆ, ಎಲ್‌ಐಸಿ ಕಾಗದಗಳ ಜೊತೆ ಹಸಿರು ಚೀಲದಲ್ಲಿ. ನಿಮ್ಮ ಗೃಹಪ್ರವೇಶದ ದಿನ ನಾನೇ ಎತ್ತಿಟ್ಟಿದ್ದು.

ಪಟ್ಟಿಯ ಫೋಟೋ ತೆಗೆದು ನನಗೆ ಕಳಿಸು. ಗ್ರೂಪಿಗೆ ಹಾಕಬೇಡ, ಮತ್ತೆ ಹನ್ನೊಂದು ಹೆಬ್ಬೆಟ್ಟು ಬೀಳುತ್ತೆ. ಕುಕ್ಕರ್ ಎಷ್ಟು ಕೂಗಿತೋ ಲೆಕ್ಕ ತಪ್ಪಿತು, ಇಡುತ್ತೇನೆ.